ಜೈಲು ನೋಡಲು ಹೋಗುತ್ತಿದ್ದ ಡಾಕ್ಟರು

ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿರುವ ನಮ್ಮ ಕಟ್ಟಡದ ಕಾರಿಡಾರಿಗೆ ಕಳೆದ ವಾರ ಬಣ್ಣ ಬಳಿದರು. ಬಾಗಿಲು ತೆರೆದ ಕೂಡಲೇ ಹಸಿ ಪೇಂಟಿನ ವಾಸನೆ ಮುಖಕ್ಕೆ ಬಡಿಯಿತು. ಎದುರು ಮನೆಯಾಕೆ ತಲೆನೋವು ಎಂದು ಗೊಣಗಿಕೊಂಡು ಒಳಗೆ ಹೋದಳು. ನಾನು ಅಲ್ಲೇ ನಿಂತುಬಿಟ್ಟೆ. ಐವತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ, ಕೋಟಿನ ತೋಳಿಗೆ ತಿಳಿಹಸಿರು ಬಣ್ಣ ಮೆತ್ತಿಸಿಕೊಂಡು ನಮ್ಮ ಅಡುಗೆಮನೆಗೆ ಬಂದಿದ್ದ ಡಾಕ್ಟರು ನೆನಪಾದರು...

ಆಗ ನಾನು ಮೈಸೂರಿನಿಂದ ಅಮೆರಿಕಕ್ಕೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಶಿಕಾಗೋದಿಂದ ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ ನನ್ನ ಗಂಡನಿಗೆ ಫ್ಯಾಕ್ಟರಿಯ ಕೆಲಸ. ಡಾಕ್ಟರು ಅದೇ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ವಿಜಾಪುರದ ಕಡೆಯವರು, ಆ ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ. ಮದುವೆಯಾದ ತಿಂಗಳಿಗೇ ಹೊರಟು ಬಂದಿದ್ದರು. ಹೆಂಡತಿ ವೀಸಾಕ್ಕೆ ಕಾಯುತ್ತ ವಿಜಾಪುರದಲ್ಲೇ ಉಳಿದಿದ್ದರು. ಭಾನುವಾರ ಅವರಿಗೆ ನಮ್ಮಲ್ಲೇ ಊಟ. ನನ್ನ ಸಾರಿನಲ್ಲಿ ಖಾರವೇ ಇಲ್ಲ ಎನ್ನುತ್ತಲೇ ಮೂರು ಸಲ ಹಾಕಿಸಿಕೊಳ್ಳುತ್ತಿದ್ದರು.

ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಆ ಕೌಂಟಿಯ ಜೈಲಿನ ಬಗ್ಗೆ ಬಹಳ ದೂರುಗಳು ಬಂದಿದ್ದವು. ಇಲ್ಲಿ ಕೌಂಟಿಯ ಜೈಲು ಶೆರಿಫ್ ಎಂಬ ಪೊಲೀಸ್ ಮುಖ್ಯಸ್ಥನ ಕೈಯಲ್ಲಿರುತ್ತದೆ. ಅವನು ಜನರಿಂದ ಆರಿಸಿ ಬಂದವನು, ಅವನಿಗೆ ಹೀಗೆ ಮಾಡು ಎಂದು ಹೇಳುವ ಮೇಲಧಿಕಾರಿ ಇರುವುದಿಲ್ಲ. ಕೊನೆಗೆ ಕೌಂಟಿಯ ಆಡಳಿತ ಬೋರ್ಡು, ಊರಿನ ಐದು ಜನ ತಿಂಗಳಿಗೊಮ್ಮೆ ಜೈಲಿನ ಒಳಗೆ ಹೋಗಿ ನೋಡಿ ವರದಿ ಕೊಡಲಿ ಎಂದು ಒಂದು ಸಮಿತಿ ಮಾಡಿತು. ಒಬ್ಬ ಪಾದ್ರಿ, ಒಬ್ಬರು ನಿವೃತ್ತ ಹೆಡ್‌ಮಿಸ್, ಒಬ್ಬ ವಕೀಲ, ಹಾರ್ಡ್‌ವೇರ್ ಅಂಗಡಿಯವನೊಬ್ಬ. ಐದನೆಯವರು ಡಾಕ್ಟರಾಗಿರಬೇಕಿತ್ತು. ಊರಿನ ಹಳೆಯ ಡಾಕ್ಟರುಗಳೆಲ್ಲ ಪುರಸೊತ್ತಿಲ್ಲ ಎಂದರಂತೆ. ನಮ್ಮ ಡಾಕ್ಟರಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ.

ಮೊದಲ ಸಲ ಹೋಗಿ ಬಂದ ದಿನ ಅವರಿಗೆ ಹೆಮ್ಮೆಯೇ ಆಗಿತ್ತು. “ನಮ್ಮ ಕಡೆ ಜೈಲ್ ಒಳಗ ನೋಡಬೇಕಂದ್ರ ಯಾರ್ ಬಿಡ್ತಾರ? ಇಲ್ಲಿ ತಾವ ಕರದು ತೋರಸ್ತಾರ ನೋಡು, ತಂಗಿ,” ಎಂದಿದ್ದರು. ಅವರ ಕೈಬರಹ ಅವರಿಗೇ ಓದಲು ಬರುತ್ತಿರಲಿಲ್ಲ. ನಾನು ಮೈಸೂರಿನಲ್ಲಿ ಸೀನಿಯರ್ ಟೈಪಿಂಗ್ ಪಾಸು ಮಾಡಿದ್ದೆ, ಮನೆಯಲ್ಲಿ ಒಂದು ಹಳೆಯ ಟೈಪ್‌ರೈಟರ್ ಇತ್ತು. ಹಾಗಾಗಿ ವರದಿ ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅವರು ಅಡುಗೆಮನೆಯ ಮೇಜಿನ ಮುಂದೆ ಕೂತು ಓದಿ ಹೇಳುವರು, ನಾನು ಬಡಿಯುವೆ.

ನಾನು ಎಂದೂ ನೋಡದ ಆ ಜೈಲು ಹಾಗೆ ನನ್ನ ಬೆರಳಿಗೆ ಪರಿಚಯವಾಯಿತು. ನಾಲ್ಕು ಜನರ ಕೋಣೆಯಲ್ಲಿ ಏಳು ಜನ. ಇಲಿನಾಯ್‌ನ ಜನವರಿ ಚಳಿಯಲ್ಲಿ ತಲೆಗೊಂದೇ ಕಂಬಳಿ. ಶನಿವಾರ, ಭಾನುವಾರ ನರ್ಸ್ ಇಲ್ಲ, ಮಾತ್ರೆಗಳನ್ನು ಕಾವಲುಗಾರರೇ ಹಂಚುವುದು. ಯಾರ ಮಾತ್ರೆ ಯಾರಿಗೆ ಹೋಗುತ್ತಿತ್ತೋ...

ಫೆಬ್ರವರಿಯ ಭೇಟಿಯಲ್ಲಿ ಡಾಕ್ಟರು ಒಬ್ಬ ಕೈದಿಯನ್ನು ಕಂಡರು. ಮನೆಗಳಿಗೆ ಕಿಟಕಿ ಕೂರಿಸುವ ಕೆಲಸದವನು, ಮೂವತ್ತರ ಆಸುಪಾಸು. ಯಾವುದೋ ಜಗಳದಲ್ಲಿ ಹಿಡಿದು ತಂದಿದ್ದರು, ವಿಚಾರಣೆ ಇನ್ನೂ ಆಗಿರಲಿಲ್ಲ. ಅವನಿಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತಿತ್ತು. ಒಳಗೆ ಹಾಕುವಾಗ ಅವನ ಮಾತ್ರೆ ಕಿತ್ತಿಟ್ಟುಕೊಂಡವರು ಮತ್ತೆ ಕೊಟ್ಟೇ ಇರಲಿಲ್ಲ. ಹತ್ತು ದಿನದಲ್ಲಿ ನಾಲ್ಕು ಸಲ ಫಿಟ್ಸ್ ಬಂದಿದೆ ಎಂದು ಜೊತೆಯ ಕೈದಿಗಳು ಹೇಳಿದರು. ಡಾಕ್ಟರು ಕಂಬಿಯ ಈಚೆಯಿಂದ ನಾಲಿಗೆ ತೋರಿಸು ಎಂದರಂತೆ. ಎರಡೂ ಪಕ್ಕ ಕಚ್ಚಿಕೊಂಡು ಹುಣ್ಣಾಗಿತ್ತು. ಬಾಗಿಲು ತೆಗೆಯಿರಿ, ಪರೀಕ್ಷೆ ಮಾಡುತ್ತೇನೆ ಎಂದರೆ, ಜೊತೆಗಿದ್ದ ಅಧಿಕಾರಿ ನಯವಾಗಿಯೇ ತಡೆದ. ನೀವು ಇಲ್ಲಿಗೆ ಬಂದಿರುವುದು ಸಮಿತಿಯ ಸದಸ್ಯರಾಗಿ, ಡಾಕ್ಟರಾಗಿ ಅಲ್ಲ ಎಂದ.

“ನೋಡಾಕ ಅಷ್ಟ ಬಿಡ್ತಾರ, ಮುಟ್ಟಾಂಗಿಲ್ಲ,” ಎಂದು ಡಾಕ್ಟರು ಆ ದಿನ ಎರಡೆರಡು ಸಲ ಹೇಳಿದರು.

ಅವನನ್ನು ಇಂದೇ ಆಸ್ಪತ್ರೆಗೆ ಸೇರಿಸಬೇಕು ಎಂದು ಅವರು ಬರೆಸಿದ ಕಾಗದವನ್ನು ನಾನೇ ಟೈಪ್ ಮಾಡಿದೆ. ‘ಇಂದೇ’ ಎಂಬುದರ ಕೆಳಗೆ ಗೆರೆ ಎಳೆ ಎಂದರು, ಎಳೆದೆ. ಶೆರಿಫ್ ಕಚೇರಿಯಿಂದ ಒಂದೇ ಸಾಲಿನ ಉತ್ತರ ಬಂತು: ವಿಷಯ ಪರಿಶೀಲನೆಯಲ್ಲಿದೆ. ಡಾಕ್ಟರು ಫೋನ್ ಮಾಡಿದರು. ಮಾತ್ರೆಯ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ತಾವೇ ಜೈಲಿನ ಗೇಟಿಗೆ ಹೋದರು. ಹೊರಗಿನ ಔಷಧಿ ಒಳಗೆ ಬಿಡುವುದಿಲ್ಲ ಎಂದು ವಾಪಸು ಕಳಿಸಿದರು. ತಿಂಗಳ ಭೇಟಿ ಮುಗಿದಿದ್ದರಿಂದ ಅವರನ್ನೂ ಬಿಡಲಿಲ್ಲ.

ಮಾರ್ಚ್ ಮೊದಲ ವಾರ ಸಮಿತಿ ಮತ್ತೆ ಹೋಯಿತು. ಐದು ದಿನ ಮುಂಚೆ ತಿಳಿಸಿಯೇ ಹೋಗಬೇಕೆಂಬ ನಿಯಮವಿತ್ತು. ಆ ಐದು ದಿನದಲ್ಲಿ ಜೈಲಿಗೆ ಹೊಸ ಬಣ್ಣ ಬಳಿದಿದ್ದರು. ಕಂಬಳಿ ಮಡಚಿಟ್ಟಿದ್ದರು. ಆ ಮನುಷ್ಯ ಇದ್ದ ಕೋಣೆಗಳ ಸಾಲಿಗೆ ಹೋಗುವ ಬಾಗಿಲಿಗೆ ಮಾತ್ರ ಬೀಗ, ರಿಪೇರಿ ನಡೆದಿದೆ ಎಂದರು. ಬಾಗಿಲಿಗೆ ಕಿವಿ ಹಚ್ಚಿ ಕೇಳಲು ಹೋಗಿಯೇ ಡಾಕ್ಟರ ತೋಳಿಗೆ ಬಣ್ಣ ಹತ್ತಿದ್ದು.

ಆ ಕೋಟಿನಲ್ಲೇ ಅವರು ನೇರ ನಮ್ಮ ಮನೆಗೆ ಬಂದರು. ಪೇಪರಿನವರ ಹತ್ತಿರ ಹೋಗುತ್ತೇನೆ, ಅದೊಂದೇ ದಾರಿ ಎಂದರು. ವರದಿಯನ್ನು ಬೋರ್ಡಿಗೆ ಕೊಡುವ ಮೊದಲು ಹೊರಗೆ ಏನೂ ಹೇಳಬಾರದೆಂದು ಸಮಿತಿಯವರೆಲ್ಲ ಸಹಿ ಹಾಕಿದ್ದರು. ಬೋರ್ಡಿನ ಮೀಟಿಂಗಿಗೆ ಇನ್ನೂ ಮೂರು ವಾರವಿತ್ತು. ನನ್ನ ಗಂಡ ಅವರನ್ನು ಕೂರಿಸಿ ಬಿಡಿಸಿ ಹೇಳಿದರು. ಶೆರಿಫ್ ಎಂದರೆ ದೊಡ್ಡ ಮನುಷ್ಯ, ನಾವು ಪರದೇಶದವರು, ನಿಮ್ಮ ಹೆಂಡತಿಯ ಕಾಗದಪತ್ರ ಇನ್ನೂ ಸರ್ಕಾರದ ಕೈಯಲ್ಲಿದೆ, ಯಾರ ಒಂದು ಮಾತಿನಿಂದ ಏನು ನಿಂತುಹೋಗುತ್ತದೋ ಎಂದರು. ಡಾಕ್ಟರು ಅವರ ಮಾತಿಗೆ ಬಗ್ಗಲಿಲ್ಲ. ಆಮೇಲೆ ನನ್ನ ಕಡೆ ನೋಡಿದರು.

“ಮೂರು ವಾರ ತಾನೇ ಡಾಕ್ಟ್ರೇ, ಕಾಯಿರಿ,” ಎಂದೆ ನಾನು. “ನಿಮ್ಮ ಹೆಂಡ್ತಿ ಪಾಪ ಊರಲ್ಲಿ ದಿನಾ ಎಣಿಸ್ಕೊಂಡು ಕೂತಿರ್ತಾರೆ. ಅವರ ವೀಸಾಕ್ಕೇನಾದ್ರೂ ಆದ್ರೆ?”

ಅವರು ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಸೀಮೆಎಣ್ಣೆ ಇದೆಯೇ, ಕಲೆ ತೆಗೆಯಲು ಎಂದು ಕೇಳಿದರು.

ಕಾಯತೊಡಗಿದ ಎರಡನೆಯ ವಾರದ ಭಾನುವಾರ ಆ ಮನುಷ್ಯ ಸತ್ತ. ಫಿಟ್ಸ್ ಬಂದು ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದನಂತೆ, ಯಾರೂ ನೋಡಲಿಲ್ಲವಂತೆ. ನಮಗೆ ಗೊತ್ತಾದದ್ದು ಮಂಗಳವಾರದ ಪೇಪರಿನ ಒಳಪುಟದ ನಾಲ್ಕು ಸಾಲಿನಿಂದ.

ಮೀಟಿಂಗಿಗೆ ನಾನೂ ಡಾಕ್ಟರ ಜೊತೆ ಹೋದೆ. ಉದ್ದ ಮೇಜಿನ ಹಿಂದೆ ಬೋರ್ಡಿನವರು, ಪಕ್ಕದಲ್ಲಿ ಶೆರಿಫ್. ನೋಡಿದರೆ ಯಾರದೋ ಮನೆಯ ಸಜ್ಜನ ಅಜ್ಜನಂತಿದ್ದ. ರಸ್ತೆಯ ಹಿಮ ತೆಗೆಸುವ ವಿಷಯ ಮುಗಿಯಲು ಒಂದು ಗಂಟೆ ಹಿಡಿಯಿತು. ಡಾಕ್ಟರಿಗೆ ಸಿಕ್ಕಿದ್ದು ಮೂರು ನಿಮಿಷ. ಅವರು ದಿನಾಂಕ ಸಮೇತ ಎಲ್ಲ ಓದಿದರು. ಅಧ್ಯಕ್ಷರು ಧನ್ಯವಾದ ಹೇಳಿ ವರದಿಯನ್ನು ಸ್ವೀಕರಿಸಲಾಗಿದೆ ಎಂದರು. ಸಮಿತಿ ಇನ್ನು ಮುಂದೆ ಅಗತ್ಯ ಬಿದ್ದಾಗ ಕರೆದರೆ ಸೇರಿದರೆ ಸಾಕು ಎಂದು ಅಲ್ಲೇ ಕೈ ಎತ್ತಿಸಿ ನಿರ್ಣಯ ಮಾಡಿದರು. ಆಮೇಲೆ ಅದನ್ನು ಯಾರೂ ಕರೆಯಲಿಲ್ಲ.

ಹೊರಗೆ ಬಂದಾಗ ಹೆಂಗಸೊಬ್ಬಳು ನಮ್ಮನ್ನು ನಿಲ್ಲಿಸಿದಳು. ಸತ್ತವನ ಅಕ್ಕ. ಅವಳನ್ನು ಒಳಗೆ ಭೇಟಿಗೆ ಒಮ್ಮೆಯೂ ಬಿಟ್ಟಿರಲಿಲ್ಲವಂತೆ. ಅವಳು ಜಗಳವಾಡಲಿಲ್ಲ. ನೀವು ಅವನನ್ನು ನೋಡಿದ್ದೀರಲ್ಲ, ಹೇಗಿದ್ದ, ನಿಮ್ಮ ಹತ್ತಿರ ಏನು ಹೇಳಿದ ಎಂದಷ್ಟೇ ಕೇಳಿದಳು. ನೀವು ಮತ್ತೆ ಬರುತ್ತೀರಾ ಎಂದು ಕೇಳಿದ ಎಂದರು ಡಾಕ್ಟರು. ಅವಳು ಮುಂದಿನ ಮಾತಿಗೆ ಕಾದಳು.

ಮೇ ತಿಂಗಳಲ್ಲಿ ಡಾಕ್ಟರು ಡೆಟ್ರಾಯ್ಟ್ ಹತ್ತಿರದ ಆಸ್ಪತ್ರೆಯೊಂದಕ್ಕೆ ಹೊರಟುಹೋದರು. ಹೆಂಡತಿ ನೇರ ಅಲ್ಲಿಗೇ ಬಂದರು. ಮೊದಮೊದಲು ಫೋನು ಮಾಡುತ್ತಿದ್ದೆವು, ಆಮೇಲೆ ದೀಪಾವಳಿಗೊಂದು ಕಾರ್ಡು, ಆಮೇಲೆ ಅದೂ ಇಲ್ಲ. ಯಾವ ಫೋನಿನಲ್ಲೂ ಅವರು ಜೈಲಿನ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಮೂರು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ತಿಳಿದಾಗಲೂ ಹೋಗಲಾಗಲಿಲ್ಲ. ನನ್ನ ಗಂಡ ತೀರಿಹೋಗಿ ಆಗಷ್ಟೇ ತಿಂಗಳಾಗಿತ್ತು.

ಬಣ್ಣ ಬಳಿದ ಆ ದಿನ ಕಾರಿಡಾರಿನಿಂದ ಒಳಗೆ ಬಂದವಳೇ ಅವರ ಹೆಂಡತಿಗೆ ಫೋನು ಮಾಡಿದೆ. ನನ್ನ ದನಿ ಗುರುತು ಹಿಡಿದು ಸಂತೋಷಪಟ್ಟರು. ಮೊಮ್ಮಗಳು ಡ್ರೈವ್ ಮಾಡಲು ಕಲಿತದ್ದು, ಮಂಡಿನೋವು, ಎಲ್ಲ ಮಾತಾಡಿದೆವು. ಹಳೆಯದನ್ನು ನೆನೆಯುತ್ತ ನಾನು ಸಮಿತಿಯ ಮಾತು ತೆಗೆದೆ. ಅವರಿಗೆ ಏನೂ ಗೊತ್ತಿರಲಿಲ್ಲ. ಐವತ್ತು ವರ್ಷ ಸಂಸಾರ ಮಾಡಿದವರಿಗೆ ಡಾಕ್ಟರು ಆ ಜೈಲಿನ ಹೆಸರನ್ನೇ ಹೇಳಿರಲಿಲ್ಲ. ಹೇಳ್ರಿ, ಹೇಳ್ರಿ ಎಂದು ಅವರು ಆಸೆಯಿಂದ ಕೇಳಿದರು. ತೀರಿಹೋದ ಗಂಡನ ಬಗ್ಗೆ ಹೊಸದೊಂದು ಸಿಕ್ಕಿತಲ್ಲ ಎಂಬ ಆಸೆ. ನಾನು ಎಲ್ಲ ಹೇಳಿದೆ. ಕಾಯಿರಿ ಎಂದವಳು ನಾನು, ನಿಮ್ಮ ವೀಸಾಕ್ಕೆ ತೊಂದರೆಯಾದೀತೆಂದು ಹೆದರಿಸಿದವಳು ನಾನು ಎಂಬುದನ್ನೂ ಹೇಳಿಬಿಟ್ಟೆ. ಯಾರ ಮುಂದಾದರೂ ಒಮ್ಮೆ ಹೇಳಬೇಕಿತ್ತು.

ಅವರು ಮೆಲ್ಲಗೆ, “ಆ ಜೈಲಿನಾಂವಾ ತೀರಿಕೊಂಡಿದ್ದು ಯಾವ ತಿಂಗಳಾಗ್ರಿ?” ಎಂದರು.

ಮಾರ್ಚ್ ಎಂದೆ.

“ನನ್ನ ವೀಸಾ ಏಪ್ರಿಲ್‌ನಾಗ ಬಂತ್ರಿ,” ಎಂದರು.

ಡಾಕ್ಟರು ಅಷ್ಟು ವರ್ಷ ಏಕೆ ಬಾಯಿ ಬಿಡಲಿಲ್ಲ ಎಂದು ನನಗೆ ಆಗ ತಿಳಿಯಿತು. ಹಾಗಲ್ಲ, ನಿಮ್ಮದೇನೂ ತಪ್ಪಿಲ್ಲ ಎಂದು ಏನೇನೋ ಹೇಳತೊಡಗಿದೆ. ಅವರು ಹೂಂ, ಹೂಂ ಎನ್ನುತ್ತಲೇ ಇದ್ದರು. ಮೊದಲು ಫೋನು ಇಟ್ಟದ್ದು ಯಾರೋ ನೆನಪಿಲ್ಲ. ಮರುದಿನ ಮತ್ತೆ ಮಾಡಿದೆ, ಎತ್ತಲಿಲ್ಲ.