ಮಾನಪ್ಪ ಬಡಿಗೇರನ ಗಿಟಾರ್ ಪಟ್ಟಿ

ಯಲಬುರ್ಗಾದ ಮಾನಪ್ಪ ಬಡಿಗೇರನನ್ನು ಯಾರಾದರೂ ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ಬೈದರೆ ಇನ್ನೂ ಜಾಸ್ತಿ ಬರುತ್ತದೆ. ನೊಗ, ಕೂರಿಗೆ, ತೊಟ್ಟಿಲು ಮಾಡುವುದರಲ್ಲಿ ಸುತ್ತ ಹತ್ತೂರಿಗೆ ಅವನದೇ ಎತ್ತಿದ ಕೈ. ಎತ್ತಿನ ಹೆಗಲು ಮುಟ್ಟಿ ನೋಡದೆ ನೊಗದ ಮರಕ್ಕೆ ಕೆತ್ತುವ ಬಾಚಿ ಹಾಕುತ್ತಿರಲಿಲ್ಲ. ಎತ್ತಿಗೆ ನೋವಾಗಬಾರದು ಎನ್ನುತ್ತಿದ್ದ ಆ ಮನುಷ್ಯ ಸ್ವಂತ ಮಗನ ಜೊತೆ ನಾಲ್ಕು ವರ್ಷ ಮಾತು ಬಿಟ್ಟಿದ್ದ.

ಮಗ ಮೌನೇಶ ನನ್ನ ಗೆಳೆಯ. ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಅಪ್ಪನ ಕಸುಬು ಬಿಟ್ಟು ಗಂಗಾವತಿಯ ಒಂದು ಆರ್ಕೆಸ್ಟ್ರಾ ಸೇರಿಕೊಂಡ. ಅಪ್ಪ ಮಾತು ಬಿಟ್ಟದ್ದು ಅದಕ್ಕೇ. ಶಫೀಸಾಬನಾದ ನಾನು ಅದರಲ್ಲಿ ಢೋಲಕ್ ಬಾರಿಸುತ್ತಿದ್ದೆ. ಮೌನೇಶನ ಕೈಯಲ್ಲಿ ಹುಬ್ಬಳ್ಳಿಯಿಂದ ತಂದ ಹಳೆಯ ಎಲೆಕ್ಟ್ರಿಕ್ ಗಿಟಾರು. ಹಾಡುವವನು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅವನು ತಂತಿಯನ್ನು ಒತ್ತಿ, ಪಕ್ಕಕ್ಕೆ ದೂಡಿ, ಸ್ವರವನ್ನು ಮೇಲಕ್ಕೆ ಎಳೆಯುತ್ತಿದ್ದ. ಮದುವೆ ಪೆಂಡಾಲಿನಲ್ಲಿ ಊಟಕ್ಕೆ ಕೂತವರು ತುತ್ತು ಹಿಡಿದುಕೊಂಡೇ ತಿರುಗಿ ನೋಡುತ್ತಿದ್ದರು. ಜನ ನಮ್ಮನ್ನು ಕರೆಸುತ್ತಿದ್ದದ್ದು ಆ ಎಳೆತಕ್ಕೆ. ನನ್ನ ಢೋಲಕಿಗಲ್ಲ, ಸುಳ್ಳೇಕೆ ಹೇಳಲಿ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಕುಷ್ಟಗಿಗೆ ಹೋಗುವಾಗ ಗಿಟಾರನ್ನು ಬಸ್ಸಿನ ಟಾಪಿನ ಮೇಲೆ ಕಟ್ಟಿದೆವು. ಬುದ್ಧಿಗೇಡಿ ಕೆಲಸ, ಕಟ್ಟಿದವನು ನಾನೇ. ಬಿಸಿಲಿಗೆ ಅಂಟು ಬಿಟ್ಟು, ಬೆರಳು ಓಡಾಡುವ ಉದ್ದನೆಯ ಪಟ್ಟಿ ಎದ್ದು ಸೀಳಿಹೋಯಿತು. ಮೌನೇಶ ಎರಡು ದಿನ ಊಟ ಮುಟ್ಟಲಿಲ್ಲ. ಮೂರನೆಯ ದಿನ ನಾನು ಅವನಿಗೆ ಹೇಳದೆ ಗಿಟಾರು ಹೊತ್ತುಕೊಂಡು ಯಲಬುರ್ಗಾಕ್ಕೆ ಹೋದೆ.

ಮಾನಪ್ಪ ಮಗ ಹೇಗಿದ್ದಾನೆ ಎಂದು ಕೂಡ ಕೇಳಲಿಲ್ಲ. ನನ್ನ ಕೈಯಲ್ಲಿ ಗಿಟಾರು ಹಿಡಿಸಿ, ಬೆರಳುಗಳು ಎಲ್ಲೆಲ್ಲಿ ಕೂರುತ್ತವೆ ಎಂದು ಬಹಳ ಹೊತ್ತು ನೋಡಿದ. ಮೌನೇಶ ಹದಿಮೂರು ವರ್ಷದವನಿದ್ದಾಗ ಅಪ್ಪನ ಬಾಚಿ ಜಾರಿ ಅವನ ಎಡಗೈ ತೋರುಬೆರಳಿಗೆ ಬಿದ್ದಿತ್ತು. ಆ ಬೆರಳು ಆಮೇಲೆ ಪೂರ್ತಿ ನೆಟ್ಟಗಾಗಲೇ ಇಲ್ಲ. ಮಾನಪ್ಪ ಅದನ್ನು ಮರೆತಿರಲಿಲ್ಲ.

"ಇಷ್ಟು ಸಪಾಟ ಪಟ್ಟಿ ಮ್ಯಾಲೆ ಅವನ ಬೆರಳು ಹೆಂಗ ಕುಂದ್ರಬೇಕು?" ಎಂದು ತನಗೆ ತಾನೇ ಹೇಳಿಕೊಂಡ.

ಹಳೆಯ ಮಂಚದ ಬೀಟೆಮರದ ಕಾಲು ಸೀಳಿ ಹೊಸ ಪಟ್ಟಿ ಮಾಡಿದ. ನಡುವೆ ಉಬ್ಬು, ಎರಡೂ ಅಂಚಿಗೆ ಇಳಿಜಾರು. ಮೆಟ್ಟಿಲು ಎಂದು ನಾವು ಕರೆಯುತ್ತಿದ್ದ ಅಡ್ಡ ಲೋಹದ ಕಡ್ಡಿಗಳನ್ನು ಹಳೆಯ ಪಟ್ಟಿಯಿಂದ ಕಿತ್ತು, ಉಬ್ಬಿಗೆ ತಕ್ಕಂತೆ ಬಾಗಿಸಿ ಕೂಡಿಸಿದ. ನೊಗ ಮಾಡಿದ ಹಾಗೆಯೇ ಮಾಡಿದ್ದ, ಮೈಗೆ ಒಪ್ಪುವಂತೆ.

ಗಿಟಾರನ್ನು ಗಂಗಾವತಿಗೆ ಒಯ್ದು ಕೊಟ್ಟೆ. ಮೌನೇಶ ಅದನ್ನು ನೋಡಿದವನೇ ಎತ್ತಿಕೊಂಡು ಮುಂದಿನ ಬಸ್ಸಿಗೆ ಊರಿಗೆ ಓಡಿದ. ಅಪ್ಪ ಮಗ ಎದುರುಬದುರು ಕೂತು ರೊಟ್ಟಿ ತಿಂದರು. ಆರೂ ತಂತಿಗಳನ್ನು ಒಂದೇ ಬೆರಳಿನಲ್ಲಿ ಒತ್ತಿ ಬಾರಿಸುವುದು ಅವನಿಗೆ ಮೊದಲಿನಿಂದಲೂ ಕಷ್ಟವಾಗಿತ್ತು. ಈಗ ಆ ಡೊಂಕು ಬೆರಳು ಹೇಳಿ ಮಾಡಿಸಿದಂತೆ ಕೂತಿತು. ಕಟ್ಟೆಯ ಮೇಲೆ ಕೂತು ಅದನ್ನೇ ನುಡಿಸಿದ. ಮಾನಪ್ಪ ಓಣಿಯವರನ್ನೆಲ್ಲ ಕರೆದು ಕೇಳಿಸಿದ.

ಗಂಗಾವತಿಗೆ ಬಂದು ನುಡಿಸಿದಾಗ ನಿಜ ಗೊತ್ತಾಯಿತು. ತಂತಿಯನ್ನು ಪಕ್ಕಕ್ಕೆ ದೂಡಿದರೆ ಅದು ಉಬ್ಬಿನ ಮೇಲೆ ಹಾಯಬೇಕು. ಹಾಯುವಾಗ ಮುಂದಿನ ಮೆಟ್ಟಿಲಿಗೆ ತಾಗಿ ಸ್ವರ ಟಪ್ ಎಂದು ನಿಂತುಬಿಡುತ್ತಿತ್ತು. ತಂತಿಗಳನ್ನು ಎತ್ತರಿಸಿ ನೋಡಿದ, ಒತ್ತಲು ಆಗಲಿಲ್ಲ. ಜನ ಕಾಯುತ್ತಿದ್ದ ಎಳೆತವೇ ಹೋಯಿತು.

ಅಪ್ಪನಿಗೆ ಹೇಳು ಮಾರಾಯ ಎಂದು ನಾನು ಬಡಕೊಂಡೆ. ಅವನದು ಒಂದೇ ಮಾತು.

"ನಾಕು ವರ್ಷದ ಮ್ಯಾಲೆ ಅಪ್ಪ ಬಾಯಿ ತುಂಬ ಮಾತಾಡ್ಯಾನ, ಶಫಿ. ಅಂವ ಮಾಡಿದ್ದು ತಪ್ಪೈತಿ ಅಂತ ಯಾವ ಬಾಯಿಲೆ ಹೇಳ್ಲಿ?"

ಬೇರೆ ಗಿಟಾರು ಕೊಳ್ಳಲು ದುಡ್ಡಿರಲಿಲ್ಲ, ಬೇರೆ ಕಡೆ ಪಟ್ಟಿ ಬದಲಿಸಿದರೆ ಅಪ್ಪನಿಗೆ ಗೊತ್ತಾಗುತ್ತಿತ್ತು. ನಾನೂ ಹೇಳಬಾರದೆಂದು ಆಣೆ ಹಾಕಿಸಿಕೊಂಡ. ನಾನೂ ಬಾಯಿ ಮುಚ್ಚಿಕೊಂಡು ಕೂತೆ, ಹೇಡಿ.

ಆರ್ಕೆಸ್ಟ್ರಾದ ಯಜಮಾನ ತಿರುಪತಿ ಒಂದು ಮದುವೆ ಹಂಗಾಮು ಕಾದ. ಆಮೇಲೆ ಬಳ್ಳಾರಿಯಿಂದ ಬೇರೊಬ್ಬನನ್ನು ಕರೆಸಿ ಮೌನೇಶನನ್ನು ಹಿಂದಿನ ಸಾಲಿಗೆ ನಿಲ್ಲಿಸಿದ. ವರ್ಷ ತುಂಬುವುದರೊಳಗೆ ಮೌನೇಶ ಬಿಟ್ಟು ಹೋದ. ಕುಷ್ಟಗಿಯ ಒಂದು ಕಚೇರಿಯಲ್ಲಿ ಜವಾನನಾಗಿ ಫೈಲು ಹೊತ್ತ. ಬೇಜಾರಾಗಿ ಬಿಟ್ಟೆ ಎಂದು ಅಪ್ಪನಿಗೆ ಹೇಳಿದ್ದನಂತೆ. ಆದರೂ ಭಾನುವಾರಕ್ಕೊಮ್ಮೆ ಊರಿಗೆ ಹೋಗಿ, ಆ ಪಟ್ಟಿಗೆ ಒಗ್ಗುವಷ್ಟನ್ನು ನುಡಿಸಿ ಅಪ್ಪನನ್ನು ಖುಷಿಪಡಿಸಿ ಬರುತ್ತಿದ್ದ. 

ಹೀಗೇ ಏಳು ವರ್ಷ ಕಳೆಯಿತು. ಎಂಬತ್ತಾರರ ಒಂದು ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಮಾನಪ್ಪ ತಳಕಲ್ಲಿನಿಂದ ಬಂದ ಬೀಗರಿಗೆ ಗಿಟಾರು ತೋರಿಸುತ್ತಿದ್ದ. ಪಟ್ಟಿ ಛಲೋ ಐತಿ, ಬಾರಿಸುವವನಿಗೇ ನಿಯತ್ತಿಲ್ಲ, ಯಾವ ಕೆಲಸಕ್ಕೂ ನಿಲ್ಲುವವನಲ್ಲ ಎಂದು ಮಗನ ಮುಂದೆಯೇ ಹೇಳಿದ. ಮೌನೇಶ ತಲೆ ಬಗ್ಗಿಸಿ ನಕ್ಕ. ಆ ನಗೆ ನೋಡಿ ನನ್ನ ಮೈಯೆಲ್ಲ ಉರಿಯಿತು. ಆಣೆ ಗೀಣೆ ಎಲ್ಲ ಮರೆತೆ.

"ಕಾಕಾ, ಅವಂಗ ನಿಯತ್ತು ಭಾಳ ಐತ್ರಿ. ನೀವು ಮಾಡಿದ ಉಬ್ಬಿನ ಮ್ಯಾಲೆ ಅವನ ಸ್ವರ ಸತ್ತು ಏಳು ವರ್ಷ ಆತು. ನಿಮಗ ನೋವಾಗ್ತೈತಿ ಅಂತ ಹೇಳಿಲ್ಲ."

ಮಾನಪ್ಪ ಬೀಗರನ್ನು ಬಿಟ್ಟು ಮಗನ ಹತ್ತಿರ ಬಂದು ಕೂತ. ತಂತಿ ದೂಡು ಎಂದ. ಮೌನೇಶ ನನ್ನನ್ನು ತಿನ್ನುವಂತೆ ನೋಡಿ, ದೂಡಿದ. ಟಪ್. ಮಾನಪ್ಪ ಇನ್ನೊಮ್ಮೆ ದೂಡಿಸಿ, ಕಿವಿ ಹತ್ತಿರ ಇಟ್ಟು ಕೇಳಿದ. ಟಪ್. ಆಮೇಲೆ ಅವನು ಯಾರ ಮುಖವನ್ನೂ ನೋಡಲಿಲ್ಲ. ತಂತಿ ಬಿಚ್ಚಿ, ಮೆಟ್ಟಿಲುಗಳನ್ನು ಒಂದೊಂದಾಗಿ ಕಿತ್ತು, ಉಬ್ಬಿಗೆ ರಂದಾ ಹೊಡೆಯತೊಡಗಿದ. ಇರಲಿ ಬಿಡಪ್ಪಾ, ಈಗ್ಯಾಕ ಎಂದು ಮೌನೇಶ ಎರಡು ಸಲ ಕೈ ಹಿಡಿದ. ಅಪ್ಪ ಕೈ ಬಿಡಿಸಿಕೊಂಡ. ಪಟ್ಟಿ ಸಪಾಟಾದ ಮೇಲೆ ಮೆಟ್ಟಿಲುಗಳನ್ನು ನೆಟ್ಟಗೆ ಮಾಡಿ ಬಡಿದು, ತಂತಿ ಏರಿಸಿ, ಮಗನ ತೊಡೆಯ ಮೇಲೆ ಇಟ್ಟ.

ಮೌನೇಶ ದೂಡಿದ. ಸ್ವರ ಎಲ್ಲೂ ತಡೆಯದೆ ಪೂರ್ತಿ ಮೇಲಕ್ಕೆ ಹೋಯಿತು. ಏಳು ವರ್ಷದ ಹಿಂದಿನದೇ ಎಳೆತ. ಒಳಗೆ ಅವನ ಅವ್ವ ಇನ್ನೂ ಮಧ್ಯಾಹ್ನದ ರೊಟ್ಟಿ ತಟ್ಟುತ್ತಿದ್ದಳು.

ಮಾನಪ್ಪ ರಂದಾದ ಸಿಪ್ಪೆಗಳ ನಡುವೆ ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತ.

"ಸರಿ ಮಾಡಾಕ ಅರ್ಧ ದಿನಾನೂ ಹಿಡೀಲಿಲ್ಲಲ್ಲೋ, ಮೌನೇಶಿ," ಎಂದ.