ಸರೋಜತ್ತೆ ಓದಿದ ನನ್ನ ಕಾದಂಬರಿ

ಸರೋಜತ್ತೆಗೆ ಪಿಸುಮಾತು ಅನ್ನುವುದೇ ಗೊತ್ತಿರಲಿಲ್ಲ. ಮೂವತ್ತು ವರ್ಷ ಕರೆಂಟು ಮಗ್ಗಗಳ ನಡುವೆ ಕೂತು ಕಂಡಿಕೆ ಸುತ್ತಿದವರ ಗಂಟಲು ಅದು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎಲ್ಲರ ಮಾತೂ ಕೊಂಚ ಜೋರೇ. ಆದರೆ ಅತ್ತೆ "ನೀರು ಕೊಡೇ" ಅಂದರೆ ಪಕ್ಕದ ಮನೆಯವರೂ ಚೊಂಬು ಹಿಡಿದು ಬರಬೇಕು, ಹಾಗೆ. ಇಂಥವರಿಗೆ ದೇವರು ಕೊಟ್ಟದ್ದು ಪ್ರೇಮ ಕಾದಂಬರಿಯ ಹುಚ್ಚು. ಅದನ್ನೂ ಗಟ್ಟಿಯಾಗಿ, ನಾಲ್ಕು ಜನರ ಎದುರಿಗೇ ಓದಬೇಕು.

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪನ ಆರು ಮಗ್ಗಗಳು. ಅತ್ತೆ ನಮಗೆ ರಕ್ತಸಂಬಂಧಿಯೇನಲ್ಲ, ಅಲ್ಲಿ ಕೆಲಸಕ್ಕಿದ್ದವರು. ಲಾಳಿಯೊಳಗೆ ಕೂರುವ ಕಂಡಿಕೆ ಅನ್ನುವ ಸಣ್ಣ ಕೊಳವೆಗಳಿಗೆ ನೂಲು ಸುತ್ತಿ ಕೊಡುವುದು ಅವರ ಪಾಲಿನ ಕೆಲಸ. ಮಗ್ಗ ಓಡುವಷ್ಟು ಹೊತ್ತು ಯಾರ ಮಾತೂ ಯಾರಿಗೂ ಕೇಳಿಸದು. ಕರೆಂಟು ಹೋಯಿತೋ, ಅಪ್ಪ ಇಲಾಖೆಯವರ ವಂಶವನ್ನೆಲ್ಲ ಬೈಯುತ್ತಾ ಹೊರಗೆ ಬರುತ್ತಿದ್ದರು. ಅತ್ತೆ ನೂಲಿನ ಬುಟ್ಟಿಯ ತಳದಿಂದ ಪುಸ್ತಕ ತೆಗೆಯುತ್ತಿದ್ದರು. ಹೆಂಗಸರೆಲ್ಲ ಸುತ್ತ ಕೂರುತ್ತಿದ್ದರು. "ಕರೆಂಟು ಹೋಗ್ಲಿ ಅಂತ ಇವ್ರು ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತವ್ರೆ ಕಣಮ್ಮ" ಎಂದು ಅಪ್ಪ ನನ್ನ ಹತ್ತಿರ ಗೊಣಗುತ್ತಿದ್ದರು. ಆದರೂ ಬಾಗಿಲ ಹೊರಗೆ ಬೀಡಿ ಹಚ್ಚಿಕೊಂಡು ನಿಂತು ಪೂರ್ತಿ ಕೇಳುತ್ತಿದ್ದರು.

ಮಗ್ಗ ನಿಂತರೂ ಅತ್ತೆಯ ಗಂಟಲು ಇಳಿಯುತ್ತಿರಲಿಲ್ಲ. ನಾಯಕ ನಾಯಕಿಯ ಕಿವಿಯಲ್ಲಿ ಉಸುರಿದ್ದನ್ನು ಇವರು ಬಸ್‌ಸ್ಟ್ಯಾಂಡಿನಲ್ಲಿ ಕೂಗುವವರ ಹಾಗೆ ಓದುತ್ತಿದ್ದರು. ಒಮ್ಮೆ ಮೀಟರ್ ನೋಡಲು ಬಂದವನೊಬ್ಬ ಬಾಗಿಲಿಗೆ ಬರುವುದಕ್ಕೂ, ಇವರು "ನಿನ್ನನ್ನು ಬಿಟ್ಟು ನಾನು ಬದುಕಲಾರೆ, ಒಳಗೆ ಬಾ!" ಎಂದು ಓದುವುದಕ್ಕೂ ಸರಿಹೋಯಿತು. ಪಾಪ, ಆತ ರೀಡಿಂಗೂ ಬೇಡ ಏನೂ ಬೇಡ ಅಂತ ಗೇಟಿನವರೆಗೆ ಹಿಂದೆ ಹಿಂದೆಯೇ ನಡೆದ. "ನಿಂಗಲ್ಲ ಕಣಪ್ಪಾ, ಪುಸ್ತಕದಲ್ಲಿರೋನಿಗೆ!" ಎಂದು ಅತ್ತೆ ಕೂಗಿದ್ದು ಇನ್ನೂ ಎರಡು ಬೀದಿಗೆ ಕೇಳಿಸಿತು. ಮುಂದಿನ ತಿಂಗಳು ಬೇರೆಯವನು ಬಂದ.

ಓದಿದ್ದರ ಬಗ್ಗೆ ಅವರ ಅಭಿಪ್ರಾಯಗಳು ಕಡ್ಡಿ ಮುರಿದ ಹಾಗೆ. ಒಂದು ಹೊಸ ಕಾದಂಬರಿಯಲ್ಲಿ ನಾಯಕ ದೇವನಹಳ್ಳಿ ಏರ್‌ಪೋರ್ಟಿನ ಹತ್ತಿರದ ಕಾಫಿ ಅಂಗಡಿಗೆ ದಿನವೂ ಮೂರು ಗಂಟೆಗೆ ಬಂದು ನಾಯಕಿಗಾಗಿ ಕಾಯುತ್ತಾನೆ. "ಏನಪ್ಪಾ, ಇವ್ನಿಗೆ ಕೆಲ್ಸ ಕಾರ್ಯ ಇಲ್ವಾ? ಯಾವ ಕಂಪ್ನೀಲಿ ದಿನಾ ಮೂರು ಗಂಟೆಗೆ ಬಿಡ್ತಾರೆ?" ಮಧ್ಯದಲ್ಲಿ ಇಬ್ಬರಿಗೂ ತಪ್ಪು ತಿಳುವಳಿಕೆಯಾಗಿ ನೂರು ಪುಟ ಅಳುತ್ತಾರೆ. "ಇಬ್ರ ಕೈಲೂ ಫೋನ್ ಐತೆ. ಒಂದು ಫೋನ್ ಮಾಡಿ 'ಯಾಕೋ ಹಿಂಗ್ಮಾಡ್ದೆ' ಅಂತ ಕೇಳಿದ್ರೆ ಮುಗೀತಿತ್ತು. ಚಾರ್ಜ್ ಇರ್ಲಿಲ್ವಂತಾ?" ಕೊನೆಗೆ ನಾಯಕಿ ರೇಷ್ಮೆ ಸೀರೆಯುಟ್ಟು ಮಳೆಯಲ್ಲಿ ಓಡುತ್ತಾಳೆ. ಅಷ್ಟಕ್ಕೆ ಅತ್ತೆ ಪುಸ್ತಕ ಮುಚ್ಚಿಯೇಬಿಟ್ಟರು. "ಥೂ! ನೇಯ್ದೋನು ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಾನೆ. ಸೀರೆ ಬಿಚ್ಚಿಟ್ಟು ಓಡ್ಬಾರ್ದಾ ಇವ್ಳು?" ತಾವು ಏನಂದೆವು ಎಂದು ಆಮೇಲೆ ಹೊಳೆದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಶೆಡ್ಡಿನಲ್ಲಿ ಅವತ್ತು ಕರೆಂಟು ಬಂದರೂ ಹತ್ತು ನಿಮಿಷ ಮಗ್ಗ ಓಡಲಿಲ್ಲ.

ಈ ಓದನ್ನು ಕೇಳುತ್ತಾ ಬೆಳೆದವಳು ನಾನು. ಓದಿ ಸಾಸಲಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದೆ. ನಾನೂ ಒಂದು ಪ್ರೇಮ ಕಾದಂಬರಿ ಬರೆದೆ. ಪ್ರಶಸ್ತಿ ಗಿಶಸ್ತಿ ಯಾವುದರ ಆಸೆಯೂ ನನಗಿರಲಿಲ್ಲ ಅಂದರೆ ನೀವು ನಂಬುವುದಿಲ್ಲ, ಆದರೆ ನಿಜ. ನನಗಿದ್ದದ್ದು ಒಂದೇ ಆಸೆ. ನನ್ನ ಪುಸ್ತಕವನ್ನು ಸರೋಜತ್ತೆ ಶೆಡ್ಡಿನಲ್ಲಿ ಗಟ್ಟಿಯಾಗಿ ಓದಬೇಕು. ಕರೆಂಟು ಬಂದು ಓದು ನಿಂತಾಗ ಹೆಂಗಸರು "ಅಯ್ಯೋ!" ಅನ್ನಬೇಕು.

ಪುಸ್ತಕ ಅಚ್ಚಾಗಿ ಬಂದ ದಿನವೇ ಮೊದಲ ಪ್ರತಿ ಅತ್ತೆಯ ಕೈಗಿಟ್ಟೆ. ಅವರು ಮನೆಗೊಯ್ದು ಮೂರು ದಿನದಲ್ಲಿ ಓದಿ ಮುಗಿಸಿದರು. ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಗೆ ಬಂದು ನಿಂತರು. ಮುಖ ಗಂಟು ಹಾಕಿಕೊಂಡಿದ್ದರು.

"ಯಾಕೆ ಬರ್ಲಿಲ್ಲ ಅವ್ನು?"

ನನ್ನ ಕಥೆಯ ಕೊನೆಯಲ್ಲಿ ನೇತ್ರಾ ಕೆಲಸ ಸಿಕ್ಕಿ ಊರು ಬಿಡುತ್ತಾಳೆ. ಸ್ಟೇಷನ್ನಿಗೆ ಬರುತ್ತೇನೆ ಅಂದಿದ್ದ ಕಿರಣ ಬರುವುದಿಲ್ಲ. ಹಿಂದೂಪುರದ ಕಡೆಗೆ ರೈಲು ಹೊರಡುತ್ತದೆ. ಈ ಮುಕ್ತಾಯದ ಬಗ್ಗೆ ನನಗೆ ಬಹಳ ಜಂಬ.

"ಜೀವನ ಅಂದ್ರೆ ಹಂಗೇ ಅಲ್ವಾ ಅತ್ತೆ?" ಅಂದೆ.

"ಜೀವನ ನಂಗೊತ್ತಿಲ್ವೇನೇ ಮಂಜು? ಅದನ್ನ ತಿಳ್ಕೊಳ್ಳಕ್ಕೆ ನಿನ್ ಪುಸ್ತಕ ಬೇಕಾ ನಂಗೆ?"

ನನ್ನ ನಾಲಿಗೆ ಅಲ್ಲಿಯೇ ನಿಲ್ಲಬೇಕಿತ್ತು. ಅತ್ತೆಯ ಗಂಡ ಮದುವೆಯಾದ ಎರಡನೆಯ ವರ್ಷ ಸೂರತ್ತಿಗೆ ಮಗ್ಗದ ಕೆಲಸಕ್ಕೆ ಹೋದವರು, ಯುಗಾದಿಗೆ ಬರುತ್ತೇನೆ ಅಂದವರು. ಬರಲೇ ಇಲ್ಲ. ಬೀದಿಗೆಲ್ಲ ಗೊತ್ತಿದ್ದ ವಿಷಯ, ನನಗೂ ಗೊತ್ತು. ಬರೆಯುವಾಗ ಮಾತ್ರ ಒಂದು ಸಲವೂ ನೆನಪಾಗಿರಲಿಲ್ಲ. ಅಷ್ಟು ದಡ್ಡಿ ನಾನು.

"ಬರ್ಲಿಲ್ಲ ಅಂತ ಬರೆಯೋದೇನು ಮಹಾ" ಅಂದರು. "ಕರ್ಕೊಂಡ್ಬಾ ನೋಡೋಣ. ಎರಡನೇ ಸಲ ಅಚ್ಚು ಹಾಕುವಾಗ್ಲಾದ್ರೂ ಬದಲಾಯ್ಸು."

"ಅದು ಸೀರೆ ಅಂಚಲ್ಲ ಅತ್ತೆ, ಕೇಳಿದ ಹಾಗೆ ಬದಲಾಯ್ಸಕ್ಕೆ" ಅಂದುಬಿಟ್ಟೆ.

"ಹಂಗಾದ್ರೆ ನಾನಿದನ್ನ ಶೆಡ್ಡಲ್ಲಿ ಓದಲ್ಲ." ಜೀವನದಲ್ಲಿ ಮೊದಲ ಸಲ ಅವರು ಮೆಲ್ಲಗೆ ಮಾತಾಡಿದ್ದು ಆಗ.

ನನಗೂ ಸಿಟ್ಟು ಬಂತು. ಅವರಿಗಿಂತ ಹೆಚ್ಚು ಓದಿದವಳು ನಾನು ಅನ್ನುವ ಕೊಬ್ಬೂ ಇತ್ತು. ಬೆಳಿಗ್ಗೆ ಸಾಸಲು ಬಸ್ಸು ಹಿಡಿದರೆ ನಾನು ಮನೆ ಸೇರುತ್ತಿದ್ದದ್ದು ಸಂಜೆಗೆ. ಅಷ್ಟೊತ್ತಿಗೆ ಅತ್ತೆ ಕೆಲಸ ಮುಗಿಸಿ ಹೋಗಿರುತ್ತಿದ್ದರು. ದಾರಿಯಲ್ಲಿ ಸಿಕ್ಕರೆ ಮಳೆ, ಬಿಸಿಲು ಅಂತ ಎರಡು ಮಾತು, ಅಷ್ಟೇ. ನಾಳೆ ಮಾತಾಡಿದರಾಯಿತು, ಹಬ್ಬ ಕಳೆಯಲಿ ಅಂದುಕೊಂಡೇ ಐದು ತಿಂಗಳು ದೂಡಿದೆ. ಕಾರ್ತಿಕದಲ್ಲಿ ಅತ್ತೆಗೆ ಜ್ವರ ಅಂದರು. ಮೂರನೆಯ ದಿನ ಅವರು ಇರಲಿಲ್ಲ.

ತಿಥಿಯ ಊಟಕ್ಕೆ ಶೆಡ್ಡಿನವರೆಲ್ಲ ಬಂದಿದ್ದರು. ಎಲೆ ಎತ್ತಿದ ಮೇಲೆ ನಸೀಮಾ ನನ್ನ ಪಕ್ಕ ಬಂದು ಕೂತಳು. ಅತ್ತೆಯ ಜೊತೆ ಕಂಡಿಕೆ ಸುತ್ತುತ್ತಿದ್ದವಳು, ಉರ್ದು ಶಾಲೆಯಲ್ಲಿ ಓದಿದ್ದರಿಂದ ಕನ್ನಡ ಓದಲು ಬಾರದು.

"ಟೀಚರ್, ನಿಮ್ ಪುಸ್ತಕ ಅಲ್ಲಾ ಕಸಮ್ ಭಾಳ ಚೆನ್ನಾಗೈತೆ. ಅತ್ತೆ ಎರಡು ಸಲ ಓದಿ ಹೇಳಿದ್ರು."

"ಎಲ್ಲಿ?"

"ಶೆಡ್ಡಲ್ಲೇ. ನೀವು ಸ್ಕೂಲಿಗೆ ಹೋಗಿರ್ತಿದ್ರಲ್ಲ. ಆ ಕೊನೇದು ಐತಲ್ಲ, ರೈಲು ಹೊರಟ್ಬಿಡ್ತದೆ, ಅವ್ನು ಓಡ್ಬಂದು ಹತ್ತಿಬಿಡ್ತಾನಲ್ಲ, ನಾವೆಲ್ಲಾ ಅತ್ತುಬಿಟ್ವಿ. ಉಸಿರು ಕಟ್ಕೊಂಡು ಅವ್ಳ ಪಕ್ಕ ಕೂತ್ಕೊಂಡು ಏನಂತಾನೆ? 'ಲೇಟಾಗೋಯ್ತು, ಬೈಬೇಡ' ಅಂತಾನೆ. ಎಷ್ಟು ಚೆನ್ನಾಗಿ ಬರ್ದಿದ್ದೀರಾ!"

ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ನಸೀಮಾ ನನ್ನ ಕೈ ಹಿಡಿದುಕೊಂಡಳು.

"ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಎರಡು ಸಲಾನೂ ಅತ್ತೆ ಅಲ್ಲಿಗೇ ಪುಸ್ತಕ ಮುಚ್ಬಿಟ್ರು. ಆಮೇಲೆ ಅವ್ಳು ಬೈದ್ಲಾ ಅವ್ನನ್ನ?"

"ಬೈದ್ಲು ಕಣೆ" ಅಂದೆ. "ಹಿಂದೂಪುರ ಬರೋವರ್ಗೂ ಬೈತಾನೇ ಇದ್ಲು."