ಕೆಂಪು ನೀರು, ಕೆಂಪು ಎಣ್ಣೆ

ಇವತ್ತು ಬೆಳಿಗ್ಗೆ ಮನೆ ಮುಂದೆ ನಿಲ್ಲಿಸಿದ್ದ ಕಾರಿನ ಪಕ್ಕ ಕೆಂಪಗೆ ಏನೋ ಬಿದ್ದಿದ್ದು ಕಂಡಿತು. ಕುಕ್ಕರಗಾಲಿನಲ್ಲಿ ಕುಳಿತು ಬೆರಳಿನಿಂದ ಮುಟ್ಟಿ ಮೂಗಿನ ಹತ್ತಿರ ಒಯ್ದೆ. ಯಾರೋ ಪುಣ್ಯಾತ್ಮರು ಎಲೆ-ಅಡಿಕೆ ಜಗಿದು ಉಗುಳಿ ಹೋಗಿದ್ದರು. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ ಹೆಂಡತಿ, “ಮತ್ತ ಮೂಸಿದ್ರೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೋಪು ತರಲು ಒಳಗೆ ಹೋದಳು.

ನೀವು ನಗುತ್ತೀರಿ, ನಗಿ. ಆದರೆ ನನ್ನ ಜೊತೆ ಆ ದಿನ ಇಂಡಿಯಿಂದ ಮುದ್ದೇಬಿಹಾಳಕ್ಕೆ ಹೊರಟಿದ್ದರೆ ನೀವೂ ನೆಲದ ಮೇಲಿನ ಕೆಂಪನ್ನೆಲ್ಲ ಮೂಸುವವರಾಗುತ್ತಿದ್ದಿರಿ. ಕೆಲವು ವರ್ಷಗಳ ಹಿಂದಿನ ಮಾತು. ಯುಗಾದಿ ಮುಗಿದು ಬಿಸಿಲು ಏರುತ್ತಿತ್ತು. ನಮ್ಮಕ್ಕ ಸುವರ್ಣಾ ಬಸುರಿ. ಅವಳನ್ನು ಕೊಟ್ಟಿದ್ದು ಇಂಡಿಗೆ. ಮೊದಲು ಎರಡು ಸಲ ಅವಳ ಬಸಿರು ಉಳಿದಿರಲಿಲ್ಲ. ಈ ಸಲ ಏಳು ತಿಂಗಳ ತನಕ ಬಂದಿತ್ತು, ಕುಬುಸ ಮಾಡಿ ಸೀಮಂತವೂ ಆಗಿತ್ತು. ಎಂಟರಲ್ಲಿ ಪ್ರಯಾಣ ಮಾಡಬಾರದು, ಏಳು ತುಂಬುವುದರೊಳಗೆ ಮಗಳು ಮುದ್ದೇಬಿಹಾಳದ ತವರಿಗೆ ಬಂದುಬಿಡಬೇಕು ಎಂಬುದು ನಮ್ಮವ್ವನ ಲೆಕ್ಕ. ಭಾವ ಸಾಲಿ ಮಾಸ್ತರರು, ಪರೀಕ್ಷೆಯ ಕೆಲಸ ಬಿಟ್ಟು ಬರುವಂತಿರಲಿಲ್ಲ. ಹೀಗಾಗಿ ಕರೆತರುವ ಹೊಣೆ ನನ್ನ ತಲೆಗೆ ಬಂತು.

ಹೊಣೆ ಎಂದೆನೇ? ಆಗ ನನಗದು ಹಬ್ಬ. ಅದೇ ತಿಂಗಳು ಬಸವನ ಬಾಗೇವಾಡಿಯ ಒಬ್ಬರಿಂದ ಹಳೆಯ ಕಾರೊಂದನ್ನು ಕೊಂಡಿದ್ದೆ. ತನ್ನಷ್ಟಕ್ಕೆ ತಾನೇ ಗೇರು ಬದಲಿಸಿಕೊಳ್ಳುವ ಕಾರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಎಡಗಾಲನ್ನು ಮಡಚಿ ಸೀಟಿನ ಮೇಲಿಟ್ಟುಕೊಂಡು, ಒಂದೇ ಕಾಲಲ್ಲಿ ಓಡಿಸಿ ಊರವರಿಗೆ ತೋರಿಸುತ್ತಿದ್ದೆ. “ಜೋಡಿಗೆ ಹೆಣಮಗಳೊಬ್ಬಾಕಿ ಇರಲಿ, ಸೋದರತ್ತೀನ ಕರ್ಕೊಂಡು ಹೋಗು” ಎಂದು ಅವ್ವ ಹೇಳಿದಾಗ, ಅಕ್ಕನಿಗೆ ಹಿಂದೆ ಮಲಗಲು ಜಾಗ ಬೇಕಲ್ಲವೇ ಎಂದು ವಾದಿಸಿ ಒಬ್ಬನೇ ಹೋದೆ.

ಇಂಡಿಯಿಂದ ಹೊರಡುವಾಗ ಅಕ್ಕನ ಅತ್ತೆ ತಟ್ಟೆಯಲ್ಲಿ ಅರಿಶಿನ, ಸುಣ್ಣ ಕಲಸಿದ ಕೆಂಪು ನೀರು ತಂದರು. ಬಸುರಿ ಹೆಂಗಸು, ಹೊಸದಾಗಿ ಕೊಂಡ ಗಾಡಿ, ದಾರಿಯಲ್ಲಿ ನಾಲ್ಕೂರ ಜನರ ಕಣ್ಣು. ಅಕ್ಕನಿಗೆ ನಿವಾಳಿಸಿದರು, ಕಾರಿಗೆ ನಿವಾಳಿಸಿದರು, ಉಳಿದದ್ದನ್ನು ಮುಂದಿನ ಗಾಲಿಗಳ ಮೇಲೆ ಧಾರಾಳವಾಗಿ ಸುರಿದರು. ಆ ಮೇಲೆ ನನ್ನ ಕೈ ಹಿಡಿದು, “ನೋಡಪಾ, ಎರಡ ಸಲ ಆಗಬಾರದ್ದ ಆಗೇತಿ. ಕುಣಿ ಬಂದಲ್ಲಿ ಸಾವಕಾಶ ಹೊಡಿ” ಎಂದರು. ಆಗ ಮೊದಲ ಸಲ ನನಗೆ ಅಂಜಿಕೆ ಹುಟ್ಟಿತು. ಎಡಗಾಲನ್ನು ಇಳಿಸಿ ನೆಟ್ಟಗೆ ಕುಳಿತೆ.

ಸಿಂದಗಿಯ ದಾರಿಯಲ್ಲಿ ಕುಣಿ, ಗುಂಡಿಗಳೇನು ಕಡಿಮೆಯೇ? ಒಂದೊಂದನ್ನು ಇಳಿದು ಹತ್ತುವಾಗಲೂ ಕನ್ನಡಿಯಲ್ಲಿ ಅಕ್ಕನ ಮುಖ ನೋಡುತ್ತಿದ್ದೆ. ಅವಳು ಹಸಿರು ಬಳೆಯ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. “ಹೆಂಗದೀ?” ಎಂದರೆ “ಆರಾಮ ಅದೇನಿ, ನೀ ಮುಂದ ನೋಡಿ ಹೊಡಿ” ಎನ್ನುತ್ತಿದ್ದಳು. ನಮ್ಮ ಕಡೆ ಆರಾಮ ಎನ್ನುವುದಕ್ಕೆ ಆರಾಮ ಇರಲೇಬೇಕೆಂದಿಲ್ಲ. ಜ್ವರದಲ್ಲಿ ಮಲಗಿದವರೂ ನೋಡಲು ಬಂದವರಿಗೆ ಆರಾಮ ಎಂದೇ ಹೇಳುತ್ತಾರೆ.

ಸಿಂದಗಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದೆವು. ಹೊರಡುವಾಗ ಕಾರಿನ ಮುಂಭಾಗದ ಕೆಳಗೆ ಕೆಂಪು ಹನಿಗಳು ಕಂಡವು. ಚಹಾದಂಗಡಿಯವನೂ ಬಗ್ಗಿ ನೋಡಿದ. “ಅತ್ತೀರು ಹಾಕಿದ ನೀರು. ದೃಷ್ಟಿ ಭಾಳ ಇತ್ತು ಕಾಣ್ತೈತಿ, ಇನ್ನಾ ಸೋರಾಕತ್ತೈತಿ” ಎಂದೆ. ಅವನು ಹೌದೆಂದು ತಲೆಯಾಡಿಸಿದ, ಅಕ್ಕನೂ ನಕ್ಕಳು. ಆ ಬಿಸಿಲಲ್ಲಿ, ಇಂಡಿಯಿಂದ ಅಷ್ಟು ದೂರ ಬಂದ ಮೇಲೂ ಗಾಲಿಗೆ ಸುರಿದ ನೀರು ಆರದೆ ಉಳಿದೀತೇ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬೇರೆ ಸೀಮೆಯವರಾಗಿದ್ದರೆ ಎಂಜಿನ್ ಮೇಲಿನ ಮುಚ್ಚಳ ತೆಗೆದು ನೋಡುತ್ತಿದ್ದರೋ ಏನೋ. ಕೆಂಪು ನೀರಿನ ತಟ್ಟೆ ನೋಡುತ್ತ ಬೆಳೆದವರು ನಾವು, ಕೈಮುಗಿದು ಕಾರು ಹತ್ತಿದೆವು.

ತಾಳಿಕೋಟೆ ದಾಟಿ ಸ್ವಲ್ಪ ದೂರ ಬಂದಿದ್ದೆವು. ಕಾರು ಇದ್ದಕ್ಕಿದ್ದಂತೆ ಮಂಕಾಯಿತು. ಕಾಲೊತ್ತಿದರೆ ಎಂಜಿನ್ ಅಬ್ಬರಿಸುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಹೇಗೋ ಉರುಳಿಸಿಕೊಂಡು ಬೇವಿನ ಮರವೊಂದರ ಕೆಳಗೆ ನಿಲ್ಲಿಸಿದೆ. ಒಳಗೆ ಸೆಕೆ ಎಂದು ಅಕ್ಕ ಕಾರನ್ನು ಹಿಡಿದುಕೊಂಡು ಕೆಳಗಿಳಿದು, ಮುಂದಿನ ಗಾಲಿಯ ಹತ್ತಿರ ನೆರಳಿಗೆ ಬಂದು ನಿಂತಳು. ನಾನು ಈ ಕಡೆಯಿಂದ ಸುತ್ತಿ ಬಂದು ನೋಡಿದರೆ, ಅವಳ ಹಸಿರು ಸೀರೆಯ ಅಂಚಿನ ಕೆಳಗೆ, ಎರಡೂ ಪಾದಗಳ ನಡುವೆ ಮಣ್ಣು ಕೆಂಪಗೆ ಒದ್ದೆಯಾಗಿತ್ತು.

ಮೂರನೆಯ ಸಲವೂ ಆಯಿತು, ಅದೂ ನನ್ನ ಕೈಯಲ್ಲಿ ಆಯಿತು ಎಂದುಕೊಂಡೆ. ಕೇಳಬೇಕು, ಆದರೆ ತಮ್ಮನಾದವನು ಅಕ್ಕನನ್ನು ಅಂಥದ್ದನ್ನು ಕೇಳುವ ರೂಢಿ ನಮ್ಮಲ್ಲಿಲ್ಲ. ಹಾಳಾಗಲಿ ರೂಢಿ ಎನ್ನುವ ಧೈರ್ಯವೂ ನನಗಿರಲಿಲ್ಲ. “ಅಕ್ಕಾ, ನೀರು ಕುಡೀತೀ?” ಎಂದೆ. ಅವಳು ನನ್ನ ಮುಖ ನೋಡಿದಳು, ನಾನು ನೋಡುತ್ತಿದ್ದ ಕಡೆ ನೋಡಿದಳು. ಒಂದು ಗಳಿಗೆ ಅವಳ ಮುಖದ ಬಣ್ಣವೇ ಹೋಯಿತು. ಆಮೇಲೆ ಕಷ್ಟಪಟ್ಟು ಕುಳಿತು, ಬೆರಳಿನಿಂದ ಮುಟ್ಟಿ, ಮೂಸಿ ನೋಡಿದಳು.

“ಎಣ್ಣಿ ಐತೋ. ನಿನ್ನ ಗಾಡೀದು, ನಂದಲ್ಲ” ಎಂದಳು.

ಈಚೆಗಷ್ಟೇ ಕೊಂಡ ಕಾರು ಕೆಟ್ಟು ನಿಂತದ್ದಕ್ಕೆ ಕೈಮುಗಿದವರು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಗೇರ್ ಬಾಕ್ಸಿನ ಎಣ್ಣೆಯನ್ನು ತಂಪು ಮಾಡಲು ಮುಂದೆ ಒಯ್ಯುವ ರಬ್ಬರ್ ಪೈಪೊಂದು ಬಿರಿದು, ಆ ಎಣ್ಣೆಯೆಲ್ಲ ದಾರಿಯುದ್ದಕ್ಕೂ ಸೋರಿ ಹೋಗಿತ್ತು. ಆ ಎಣ್ಣೆ ಕೆಂಪಗಿರುತ್ತದೆ ಎಂಬುದೂ ನನಗೆ ತಿಳಿದದ್ದು ಮರುದಿನ ಮೆಕ್ಯಾನಿಕ್ ಹೇಳಿದಾಗಲೇ. ಆ ಹೊತ್ತಿಗೆ ಯಾವ ಪೈಪು ಹರಿದರೂ ನನಗೆ ಸಂತೋಷವೇ ಆಗಿತ್ತು. ನಗುತ್ತಲೇ ತಿರುಗಿ ನೋಡಿದರೆ ಅಕ್ಕ ಬೇವಿನ ಬುಡದಲ್ಲಿ ಕುಳಿತು ಅಳುತ್ತಿದ್ದಳು.

“ಮುಂಜಾನಿಂದ ಕೂಸು ಅಲಗ್ಯಾಡಿಲ್ಲೋ ತಮ್ಮಾ. ಅಲ್ಲೇ ಹೇಳಿದ್ರ ಅತ್ತಿಯಾರು ಕಳಸ್ತಿದ್ದಿಲ್ಲ. ಅವ್ವನ ಹಂತ್ಯಾಕ ಹೋದ್ರ ಎಲ್ಲಾ ಸರಿ ಆಗ್ತೈತಿ ಅನ್ಕೊಂಡು ಸುಮ್ಮ ಕುಂತಿದ್ನಿ.”

ಕಾರು ಇಲ್ಲಿ, ಆಸ್ಪತ್ರೆ ತಾಳಿಕೋಟೆಯಲ್ಲಿ. ರಸ್ತೆಯ ನಡುವೆ ನಿಂತು ಕೈ ಬೀಸಿದೆ. ಕಿಕ್ಕಿರಿದ ಬಸ್ಸೊಂದು ನಿಲ್ಲದೆ ಹೋಯಿತು. ಮೋಟಾರ್ ಸೈಕಲ್ಲಿನವರು ನಿಂತರು, ಅದರ ಮೇಲೆ ಅವಳನ್ನು ಕೂರಿಸುವುದು ಹೇಗೆ? ಕೊನೆಗೆ ಉಳ್ಳಾಗಡ್ಡಿ ಮಾರಿ ಊರಿಗೆ ಮರಳುತ್ತಿದ್ದ ಸಣ್ಣ ಗೂಡ್ಸ್ ಗಾಡಿ ನಿಂತಿತು. ಕಾಶೀಮಸಾಬರು ಓಡಿಸುತ್ತಿದ್ದರು, ಪಕ್ಕದಲ್ಲಿ ಅವರ ಹೆಂಡತಿ ಹುಸೇನಬಿ. ಆಕೆ ಇಳಿದವಳೇ ನನ್ನನ್ನು ಬದಿಗೆ ಸರಿಸಿ ಅಕ್ಕನ ಮುಂದೆ ಕುಳಿತು, ನಾನು ಕೇಳಲಾರದ್ದನ್ನೆಲ್ಲ ಕೇಳಿದಳು. “ಎಷ್ಟನೇದು? ನೋವು ಐತೇನು? ಕೆಳಗ ಏನರ ಹೋಗೇತೇನು?” ಅಕ್ಕ ಇಲ್ಲ ಇಲ್ಲ ಎಂದು ತಲೆಯಾಡಿಸಿದಳು. ಹುಸೇನಬಿ ಖಾಲಿ ಚೀಲಗಳನ್ನು ಹಿಂದೆ ದಪ್ಪಗೆ ಹಾಸಿ, ಅಕ್ಕನನ್ನು ಎಡ ಮಗ್ಗುಲಿಗೆ ಮಲಗಿಸಿ, ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. “ಗಾಡಿ ತಿರುವ್ರಿ” ಎಂದು ಗಂಡನಿಗೆ ಹೇಳಿದಳು.

ನಾನು ಮುಂದೆ ಕುಳಿತೆ. ಕುಣಿ ಬಂದಾಗಲೆಲ್ಲ “ಸಾವಕಾಶ ಹೊಡಿರಿ” ಎಂದೆ, ದಾಟಿದ ಕೂಡಲೇ “ಜಲ್ದಿ ಹೊಡಿರಿ” ಎಂದೆ. ಕಾಶೀಮಸಾಬರು ಬಹಳ ಹೊತ್ತು ತಾಳಿಕೊಂಡರು. “ಯಾವದಾರ ಒಂದ ಹೇಳ್ರಿ ಸಾಹೇಬ್ರ” ಎಂದು ಕೊನೆಗೆ ಹೇಳಿದರು. ಹಿಂದಿನಿಂದ ಹುಸೇನಬಿಯ ಮಾತು ಕೇಳುತ್ತಲೇ ಇತ್ತು. ತನಗೆ ಎಷ್ಟು ಮಕ್ಕಳು, ಯಾವುದು ಹೊಟ್ಟೆಯಲ್ಲಿದ್ದಾಗ ಎಷ್ಟು ಕಾಡಿಸಿತು ಎಂದು ಹೇಳುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಕ್ಕನನ್ನೂ ಹುಸೇನಬಿಯನ್ನೂ ಪರದೆಯ ಆಚೆ ಕರೆದುಕೊಂಡು ಹೋದರು. ಈಚೆ ನಾನು, ಕಾಶೀಮಸಾಬರು. ಒಳಗೆ ಕೂಸಿನ ಎದೆಬಡಿತ ಕೇಳಿಸುವ ಯಂತ್ರವೊಂದು ಗೊರಗೊರ ಎಂದಿತು, ನಿಂತಿತು, ಮತ್ತೆ ಗೊರಗೊರ ಎಂದಿತು. ಆಮೇಲೆ ದಡದಡ ದಡದಡ ಎಂದು ಒಂದೇ ಸಮನೆ ಸದ್ದು ಬಂತು. ಕಾಶೀಮಸಾಬರು ಕಣ್ಣು ಮುಚ್ಚಿ ಎರಡೂ ಅಂಗೈ ಮುಖಕ್ಕೆ ಒತ್ತಿಕೊಂಡರು. ನನಗೆ ಮಾತ್ರ ಹೊಸ ಅಂಜಿಕೆ ಹತ್ತಿತು. “ಇಷ್ಟ್ಯಾಕ ಜೋರ್ ಬಡ್ಕೋತೈತ್ರಿ?” ಎಂದು ಪರದೆಯ ಈಚೆಯಿಂದಲೇ ಕೇಳಿದೆ. “ಕೂಸಿಂದು ಹಂಗ ಇರ್ತೈತ್ರಿ. ನಿಮ್ಮದ ಒಮ್ಮೆ ನೋಡಬೇಕೇನು?” ಎಂದರು ಡಾಕ್ಟರಮ್ಮ. ಒಳಗಿನಿಂದ ಅಕ್ಕ ಮತ್ತು ಹುಸೇನಬಿ ಕೂಡಿ ನಕ್ಕದ್ದು ಕೇಳಿಸಿತು. ನಾನು ಬೆಂಚಿನ ಮೇಲೆ ಕುಳಿತು ನಾಚಿಕೆ ಬಿಟ್ಟು ಅತ್ತೆ.

ಅಕ್ಕ ಗ್ಲೂಕೋಸು ಕುಡಿದು ಮಲಗಿದ್ದಾಗ ಕೂಸು ಒದೆಯಿತಂತೆ. ಸಂಜೆಗೆ ಬೇರೆ ಕಾರು ಮಾಡಿಕೊಂಡು ಮುದ್ದೇಬಿಹಾಳ ಸೇರಿದೆವು. ಅವ್ವ ತಟ್ಟೆಯಲ್ಲಿ ಕೆಂಪು ನೀರು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. “ಯವ್ವಾ, ಇವತ್ತಿಗೆ ಕೆಂಪು ಸಾಕವಾ” ಎಂದೆ. ಅವಳಿಗೆ ತಿಳಿಯಲಿಲ್ಲ, ನಿವಾಳಿಸಿಯೇ ಬಿಟ್ಟಳು. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು. ಈಗ ಅಂಗನವಾಡಿಗೆ ಹೋಗುತ್ತದೆ, ದಾರಿಯುದ್ದಕ್ಕೂ ಮಾತಾಡುತ್ತದೆ. ಒಂದು ಮುಂಜಾನೆಯಿಡೀ ಸುಮ್ಮನಿದ್ದು ನಮ್ಮ ಜೀವ ತೆಗೆದದ್ದು ಇದೇ ಹುಡುಗಿ ಎಂದರೆ ಯಾರೂ ನಂಬುವುದಿಲ್ಲ.

ಇಷ್ಟು ಬರೆದು ಊಟಕ್ಕೆ ಏಳುವಾಗ ಅಕ್ಕನ ಫೋನು ಬಂತು. ದನಿ ಸಣ್ಣದಾಗಿತ್ತು. ಹಿತ್ತಲಿನಲ್ಲಿ ನಿಂತು ಮಾತಾಡುತ್ತಿದ್ದಳೆಂದು ಕಾಣುತ್ತದೆ.

“ತಮ್ಮಾ, ಮತ್ತ ಬಸರ ನಿಂತೈತಿ. ಎರಡ ತಿಂಗಳಾತು. ಮನ್ಯಾಗ ಇನ್ನಾ ಯಾರಿಗೂ ಹೇಳಿಲ್ಲ, ನಿನಗ ಮೊದಲ ಹೇಳಾಕತ್ತೇನಿ. ನನಗ ಭಾಳ ಅಂಜಿಕಿ ಬರಾಕತ್ತೈತಿ.”

ಏನೂ ಆಗೂದಿಲ್ಲ ಬಿಡು ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅವಳು ಇಷ್ಟು ವರ್ಷದಲ್ಲಿ ತನಗೆ ಅಂಜಿಕೆ ಎಂದದ್ದು ಇದೇ ಮೊದಲು.

“ನನಗೂ ಬರಾಕತ್ತೈತಿ ಅಕ್ಕಾ” ಎಂದೆ.

ಆ ಕಡೆಯಿಂದ ಮೂಗು ಏರಿಸಿದ ಸದ್ದು, ಅದರ ಹಿಂದೆಯೇ ಸಣ್ಣ ನಗು.

“ಹಂಗಿದ್ರ ಈ ಸಲ ಇಬ್ಬರೂ ಕೂಡೇ ಅಂಜೂಣು” ಎಂದಳು.